ಬರ್ಕಾದಲ್ಲಿ ಅಡಿಗೆಯವನಾಗಿದ್ದದ್ದು

ನಮ್ಮ ಮನೆಮಾತು ತುಳು. ಅಡಿಗೆಗೆ ನಾವು 'ಅಟಿಲ್' ಅನ್ನುತ್ತೇವೆ. ನಮ್ಮೂರಿನಲ್ಲಿ ಹೊತ್ತು ಸ್ವಲ್ಪ ಏರಿದ ಮೇಲೆ ಹೆಂಗಸರು ಬಾವಿಕಟ್ಟೆಯಲ್ಲಿ, ಅಂಗಡಿಯ ಎದುರಿನಲ್ಲಿ, ಎಲ್ಲಿ ಸಿಕ್ಕಿದರೂ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು 'ಅಟಿಲ್ ಆಂಡಾ?' ಎಂದು. ಅಡಿಗೆ ಆಯಿತಾ ಎಂದು ಅರ್ಥ. ಕೇಳಿದವರು ಉತ್ತರಕ್ಕೆ ಕಾಯುತ್ತಿರಲಿಲ್ಲ. ಆಯಿತು ಎಂದರೂ ಆಗಬೇಕಷ್ಟೆ ಎಂದರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಗಂಡಸರನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ನಮ್ಮನ್ನು ಕೇಳುವುದು ಊಟ ಆಯಿತಾ ಎಂದು. ಅಡಿಗೆ ಆಗುವುದಕ್ಕೂ ಊಟ ಆಗುವುದಕ್ಕೂ ನಡುವೆ ಏನೇನು ನಡೆಯುತ್ತದೆ ಎಂದು ಬಿ.ಕಾಂ. ಮುಗಿಸಿ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ವಯಸ್ಸಿನವರೆಗೂ ನಾನು ಯೋಚಿಸಿದವನಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಅಕ್ಕನ ಗಂಡ ಮಸ್ಕತ್ತಿನಲ್ಲಿ ಒಂದು ಕಂಪೆನಿಯಲ್ಲಿದ್ದರು. ಅಕ್ಕ, ಭಾವ ಇಬ್ಬರೂ ಅಲ್ಲೇ ದಾರ್ಸೈಟಿನ ಒಂದು ಫ್ಲಾಟಿನಲ್ಲಿ ಸಂಸಾರ ಮಾಡಿಕೊಂಡಿದ್ದರು. ರಜೆಯಲ್ಲಿ ಊರಿಗೆ ಬಂದ ಭಾವ ನನಗೆ ವೀಸಾ ತಂದಿದ್ದರು. ಕಾಗದ ಬಿಡಿಸಿ ತೋರಿಸುತ್ತ, "ಕೆಲಸ ಬರ್ಕಾದಲ್ಲಿ, ಮಸ್ಕತ್ತಿನಿಂದ ಆಚೆ ಸಮುದ್ರದ ಬದಿಯ ಊರು. ಪಂಪ್ ಸೆಟ್, ಪೈಪ್, ಸಿಮೆಂಟ್ ಮಾರುವ ಅಂಗಡಿ. ನೀನು ಬಿಲ್ಲು, ಲೆಕ್ಕ ನೋಡಿಕೊಂಡ್ರೆ ಆಯ್ತು. ಆದ್ರೆ ಒಂದು ವಿಷಯ ಉಂಟು" ಎಂದರು.

"ಎಂತ?"

"ಆ ಕಫೀಲನ ಹತ್ರ, ಅಂದ್ರೆ ವೀಸಾ ಕೊಡುವ ಅರಬ್ಬಿ ಯಜಮಾನನ ಹತ್ರ, ಅಂಗಡಿಯ ವೀಸಾ ಎಲ್ಲ ಮುಗಿದಿದೆ. ಉಳಿದದ್ದು ಮನೆಯ ವೀಸಾ. ಡ್ರೈವರ್, ತೋಟದವ, ಅಡಿಗೆಯವ. ನಿನಗೆ ಲೈಸೆನ್ಸ್ ಇಲ್ಲ. ತೋಟದವ ಅಂತ ಹಾಕಿಸಿದ್ರೆ ಅಮ್ಮನಿಗೆ ಬೇಜಾರಾಗ್ತದೆ. ಅದಕ್ಕೆ ಅಡಿಗೆಯವ ಅಂತ ಹಾಕಿಸಿದ್ದೇನೆ. ಬರೀ ಹೆಸರಿಗೆ."

ಅಮ್ಮ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದು ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಇವನಿಗೆ ಹಾಲು ಉಕ್ಕಿದ್ರೆ ಒಲೆ ಆರಿಸ್ಬೇಕು ಅಂತ ಗೊತ್ತಿಲ್ಲ" ಎಂದರು. ನಾವೆಲ್ಲರೂ ನಕ್ಕೆವು. ನಾನೂ ನಕ್ಕೆ.

ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ನನ್ನ ಕಾಗದ ನೋಡಿ "ತಬ್ಬಾಖ್?" ಎಂದ. ನನಗೆ ಅರ್ಥವಾಗಲಿಲ್ಲ. ಆತ ಗಾಳಿಯಲ್ಲಿ ಕೈಯಾಡಿಸಿ ಪಾತ್ರೆಯಲ್ಲಿ ಸೌಟು ತಿರುಗಿಸುವ ಹಾಗೆ ಮಾಡಿ ತೋರಿಸಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಮುದ್ರೆ ಒತ್ತಿ ಪಾಸ್‌ಪೋರ್ಟನ್ನು ನನ್ನತ್ತ ತಳ್ಳಿದ. ನಾನು ಕಲಿತ ಮೊದಲನೆಯ ಅರಬ್ಬಿ ಶಬ್ದ ಅದು.

ಮೊದಲ ಒಂದು ವರ್ಷ ಹೇಳುವಂಥದ್ದೇನೂ ಇಲ್ಲ. ಅಂಗಡಿಯ ಹಿಂದೆಯೇ ನನಗೊಂದು ಕೋಣೆ. ಬೆಳಿಗ್ಗೆ ಬಿಲ್ಲು ಪುಸ್ತಕ ತೆಗೆದರೆ ಮಧ್ಯಾಹ್ನ ಮುಚ್ಚಿ, ಮತ್ತೆ ಸಂಜೆ ತೆರೆಯುವುದು. ಬಾತಿನಾ ಕರಾವಳಿಯ ತೋಟಗಳವರು ಬಂದು ಪೈಪು ಒಯ್ಯುತ್ತಿದ್ದರು. ಊಟ ರಸ್ತೆಯಾಚೆಯ ಮಲಯಾಳಿ ಹೋಟೆಲಿನಲ್ಲಿ. ಶುಕ್ರವಾರ ಬೇರೆಯವರ ಜೊತೆ ಟ್ಯಾಕ್ಸಿ ಹಂಚಿಕೊಂಡು ದಾರ್ಸೈಟಿಗೆ ಹೋಗಿ, ದೇವಸ್ಥಾನದಲ್ಲಿ ಕೈಮುಗಿದು, ಅಕ್ಕನ ಮನೆಯಲ್ಲಿ ಮೀನು ಸಾರು ಉಂಡು ಮಲಗಿ, ಸಂಜೆ ವಾಪಸ್. ಅಕ್ಕ ಏನು ಬಡಿಸಿದರೂ ನಾನು ಉಂಡು ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಿದ್ದೆ.

ಕಫೀಲನ ಮನೆಯಲ್ಲಿ ಕೇರಳದ ಒಬ್ಬ ವಯಸ್ಸಾದವರು ಬಹಳ ಕಾಲದಿಂದ ಅಡಿಗೆಗಿದ್ದರು. ಅವರು ರಜೆಯಲ್ಲಿ ಊರಿಗೆ ಹೋದವರು ಕಣ್ಣಿನ ತೊಂದರೆಯಾಗಿ ಹಿಂದೆ ಬರಲಿಲ್ಲ. ಒಂದು ದಿನ ಕಫೀಲ ಅಂಗಡಿಗೆ ಬಂದು ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತ. ಐವತ್ತು ದಾಟಿದ ಮನುಷ್ಯ. ಜೋರಾಗಿ ಮಾತಾಡಿದ್ದು ನಾನು ನೋಡಿಲ್ಲ. ನಮ್ಮ ನಡುವಿನ ಮಾತು ಹರಕು ಹಿಂದಿಯಲ್ಲಿ.

"ನಿನ್ನ ಲೇಬರ್ ಕಾರ್ಡಿನಲ್ಲಿ ಏನು ಬರೆದಿದೆ?" ಎಂದು ಕೇಳಿದ.

ನಾನು ತಮಾಷೆಗೆ ಕೇಳುತ್ತಿದ್ದಾನೆ ಎಂದುಕೊಂಡು "ತಬ್ಬಾಖ್" ಎಂದೆ.

"ಹಾಗಾದರೆ ನಾಡಿದ್ದಿನಿಂದ ಮನೆಗೆ ಬಾ. ಒಂದು ತಿಂಗಳು. ಹೊಸಬ ಬರುವವರೆಗೆ."

"ಬಾಬಾ, ನನಗೆ ಅಡಿಗೆ ಬರುವುದಿಲ್ಲ."

"ನೀನು ಹಿಂದಿ, ಅನ್ನ ತಿನ್ನುವವನು. ಅನ್ನ ಮಾಡಲು ಬರುವುದಿಲ್ಲವಾ?" ಅವನು ನಿಜಕ್ಕೂ ಆಶ್ಚರ್ಯದಿಂದ ಕೇಳಿದ. ಅಲ್ಲಿನವರಿಗೆ ಹಿಂದಿ ಎಂದರೆ ಇಂಡಿಯಾದವನು. "ನನ್ನ ತಾಯಿ ಹೇಳಿಕೊಡುತ್ತಾರೆ. ಯಲ್ಲಾ, ಆಯಿತು" ಎಂದು ಎದ್ದುಹೋದ.

ಮರುದಿನ ಶುಕ್ರವಾರ. ದಾರ್ಸೈಟಿಗೆ ಹೋಗಿ ಭಾವನಿಗೆ ಹೇಳಿದೆ. ಅವರು, "ಆಗುದಿಲ್ಲ ಅಂತ ಹೇಳುವ ಹಾಗಿಲ್ಲ. ಕಾಗದದಲ್ಲಿ ಇರುದು ಅದೇ. ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿದ್ರೆ ಎಂತ ಮಾಡುವುದು? ಒಂದು ತಿಂಗಳು ಹೇಗಾದ್ರು ಸುಧಾರಿಸು" ಎಂದರು.

ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು. ಇಬ್ಬರು ನಿಂತರೆ ಮೈ ತಾಗುವಷ್ಟು ಸಣ್ಣ ಅಡಿಗೆಮನೆ. ಅಲ್ಲಿ ಅಷ್ಟು ಹೊತ್ತು ನಾನು ನಿಂತದ್ದು ಅದೇ ಮೊದಲು. ಈರುಳ್ಳಿ ಹೆಚ್ಚುವುದರಿಂದ ಶುರುಮಾಡಿದಳು. ಎಣ್ಣೆ ಕಾದದ್ದು ಹೇಗೆ ತಿಳಿಯುವುದು, ಅಕ್ಕಿ ಎಷ್ಟು ಸಲ ತೊಳೆಯುವುದು, ಮೀನಿನ ಕಿವಿರು ಎಲ್ಲಿಂದ ಕೀಳುವುದು.

"ಉಪ್ಪು ಎಷ್ಟು?" ಎಂದೆ.

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ ಎಷ್ಟು?"

"ಅದನ್ನೆಲ್ಲ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ. ಕೈಗೆ ಗೊತ್ತಾಗ್ತದೆ."

"ನನ್ನ ಕೈಗೆ ಗೊತ್ತಿಲ್ಲ ಅಕ್ಕ."

ಅವಳು ಸೌಟು ಕೆಳಗಿಟ್ಟು ನನ್ನನ್ನು ನೋಡಿದಳು. "ಮದುವೆಯಾಗಿ ಹೋಗುವಾಗ ನನ್ನ ಕೈಗೆ ಗೊತ್ತಿತ್ತು ಅಂತ ಮಾಡಿದ್ದೀಯಾ? ಹದಿನೆಂಟು ವರ್ಷ ನನಗೆ. ಅತ್ತೆ ಮನೆಯಲ್ಲಿ ಮೊದಲ ದಿವಸ ಗಂಜಿ ತಳ ಹಿಡಿಸಿದ್ದೆ. ಯಾರೂ ಎಂತದೂ ಹೇಳ್ಲಿಲ್ಲ. ಹೇಳದೆ ಉಂಡ್ರು. ಅದೇ ಹೆಚ್ಚು ಕಷ್ಟ" ಎಂದಳು. ಆ ಮಾತನ್ನು ಅವಳು ಅದುವರೆಗೆ ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ನಾವ್ಯಾರೂ ಕೇಳಿರಲೂ ಇಲ್ಲ.

ಕಫೀಲನ ಮನೆ ಅಂಗಡಿಯಿಂದ ಸಮುದ್ರದ ಕಡೆಗೆ, ಖರ್ಜೂರದ ತೋಟದ ಅಂಚಿನಲ್ಲಿತ್ತು. ಅಡಿಗೆಮನೆ ಅಂಗಳದ ಆಚೆ, ಬೇರೆಯೇ. ಅವನು, ಹೆಂಡತಿ, ತಾಯಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಅದರ ಮೇಲೆ ಹೊರಗಿನ ಕೋಣೆಗೆ ಯಾವಾಗ ಬೇಕಾದರೂ ಬರುವ ನೆಂಟರು. ಪಾತ್ರೆಗಳನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಊರಿನಲ್ಲಿ ಮದುವೆಗೆ ಬಾಡಿಗೆ ತರುವಂಥ ಅಲ್ಯುಮಿನಿಯಂ ಪಾತ್ರೆಗಳು.

ಮೊದಲ ದಿನದ ಅನ್ನ ಕೆಳಗೆ ಕರಟಿ ಮೇಲೆ ಅಕ್ಕಿಯಾಗಿಯೇ ಉಳಿಯಿತು. ಹೊಗೆ ನೋಡಿ ಕಫೀಲನ ತಾಯಿ ಅಂಗಳ ದಾಟಿ ಬಂದರು. ಬೆನ್ನು ಬಗ್ಗಿದ್ದ ಸಣ್ಣ ಆಕಾರದ ಮುದುಕಿ. ಮನೆಯವರೆಲ್ಲ ಅವರನ್ನು ಉಮ್ಮಿ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರು ಮುಚ್ಚಳ ತೆಗೆದು ನೋಡಿದರು. ನಾಲ್ಕು ಅಗುಳು ಬೆರಳಲ್ಲಿ ಒತ್ತಿದರು. ಆಮೇಲೆ ನನ್ನ ಮುಖ ನೋಡಿ ನಕ್ಕುಬಿಟ್ಟರು. ಬಾಯಲ್ಲಿ ಹಲ್ಲು ಹೆಚ್ಚಿರಲಿಲ್ಲ. ಒಬ್ಬ ಮೊಮ್ಮಗನನ್ನು ಕರೆದು ಬೇಕರಿಯಿಂದ ರೊಟ್ಟಿ ತರಲು ಕಳಿಸಿದರು. ಅಂದು ಇಡೀ ಮನೆ ರೊಟ್ಟಿ, ಖರ್ಜೂರ, ಮೊಸರು ತಿಂದಿತು.

ಮರುದಿನ ಬೆಳಿಗ್ಗೆ ನಾನು ಹೋಗುವಾಗ ಅಡಿಗೆಮನೆಯ ಬಾಗಿಲ ಬಳಿ ಪ್ಲಾಸ್ಟಿಕ್ ಚಾಪೆ ಹಾಸಿಕೊಂಡು ಉಮ್ಮಿ ಕೂತಿದ್ದರು. ಅವರಿಗೆ ಅರಬ್ಬಿ ಬಿಟ್ಟು ಬೇರೆ ಭಾಷೆ ಬಾರದು. ನನಗೆ ಅರಬ್ಬಿ ಬಾರದು. ಅವರು ಕೈ ತೋರಿಸಿ ಹೇಳುವುದು, ನಾನು ಮಾಡುವುದು. ಮಿಲ್ಹ್ ಎಂದರೆ ಉಪ್ಪು. ಮಾಯ್ ಎಂದರೆ ನೀರು. ಲೂಮಿ ಎಂದರೆ ಒಣಗಿ ಕಪ್ಪಾದ ನಿಂಬೆ. ಅದನ್ನು ಚುಚ್ಚಿ ಸಾರಿಗೆ ಹಾಕಬೇಕು. ಬಸ್ ಎಂದರೆ ಸಾಕು. ಬಸ್ ಎಂದ ಮೇಲೂ ನನ್ನ ಕೈ ನಿಲ್ಲದಿದ್ದರೆ ಊರುಗೋಲಿನಿಂದ ನೆಲಕ್ಕೆ ಕುಟ್ಟುತ್ತಿದ್ದರು. ಒಂದೇ ವಾರದಲ್ಲಿ ಅನ್ನ ಅನ್ನವಾಯಿತು. ಮೀನು ಮೊದಲೇ ನನಗೆ ಗುರುತಿನದ್ದು. ನಮ್ಮ ಅಂಜಲ್, ಬೂತಾಯಿ ಎರಡೂ ಬರ್ಕಾದ ಮೀನು ಪೇಟೆಯಲ್ಲಿದ್ದವು, ಹೆಸರು ಮಾತ್ರ ಬೇರೆ. ದನದ ಮಾಂಸ ಬಂದ ದಿನ ನಾನು ಮುಟ್ಟದೆ ನಿಂತೆ. ಉಮ್ಮಿ ನನ್ನನ್ನು ನೋಡಿ, ಮಾಂಸವನ್ನು ನೋಡಿ, ಏನೋ ಅರ್ಥವಾದವರ ಹಾಗೆ ಸೊಸೆಯನ್ನು ಕೂಗಿದರು. ಆಮೇಲೆ ಆ ಪಾತ್ರೆಯನ್ನು ಸೊಸೆಯೇ ಮಾಡುತ್ತಿದ್ದಳು. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ.

ಕಲಿಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅದು ಮುಗಿಯದೆ ಇದ್ದದ್ದು. ಅಡಿಗೆ ಎಂಬ ಶಬ್ದವನ್ನು ನಾನು ಅದುವರೆಗೆ ಒಲೆಯ ಮೇಲಿನ ಕೆಲಸಕ್ಕೆ ಮಾತ್ರ ಬಳಸುತ್ತಿದ್ದೆ. ಒಲೆಯ ಮುಂದೆ ನಿಲ್ಲುವುದು ಅದರಲ್ಲಿ ತೀರಾ ಸ್ವಲ್ಪ. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವುದು ಅಡಿಗೆ. ಅಕ್ಕಿಯಲ್ಲಿ ಹುಳ ಆರಿಸುವುದು ಅಡಿಗೆ. ನಿನ್ನೆ ಮಿಕ್ಕದ್ದನ್ನು ಇವತ್ತು ಏನು ಮಾಡುವುದು ಎಂದು ಯೋಚಿಸುವುದು, ನೆಂಟರು ಬರುತ್ತಾರೋ ಇಲ್ಲವೋ ಎಂದು ರಸ್ತೆ ನೋಡುವುದು, ಬಂದರೆ ಸಾಲದು ಬಾರದಿದ್ದರೆ ಹೆಚ್ಚು ಎಂದು ಎದೆ ಹೊಡೆದುಕೊಳ್ಳುವುದು, ಆಮೇಲೆ ಮಸಿ ಹಿಡಿದ ಪಾತ್ರೆಯೊಳಗೆ ಭುಜದವರೆಗೆ ಕೈ ಹಾಕಿ ತಿಕ್ಕುವುದು. ಎಲ್ಲ ತೊಳೆದು ಕವುಚಿಟ್ಟು ಬೆನ್ನು ನೆಟ್ಟಗೆ ಮಾಡುವಾಗ ಕಫೀಲನ ಹೆಂಡತಿ ಬಾಗಿಲಿಗೆ ಬಂದು ಸಂಜೆಗೆ ಏನು ಎಂದು ಕೇಳುತ್ತಿದ್ದಳು. ಬೇಸಿಗೆಯಲ್ಲಿ ಆ ತಗಡಿನ ಮಾಡಿನ ಕೆಳಗೆ ನನ್ನ ಬೆವರು ಕಣ್ಣಿಗಿಳಿದು ಉಪ್ಪು ಯಾವುದು ಸಕ್ಕರೆ ಯಾವುದು ಕಾಣುತ್ತಿರಲಿಲ್ಲ.

ಒಂದು ತಿಂಗಳು ಕಳೆಯಿತು. "ಬಾಬಾ, ಅಂಗಡಿ?" ಎಂದೆ.

"ಇನ್ಶಾಲ್ಲಾ. ಹೊಸಬನ ವೀಸಾ ಆಗುತ್ತಿದೆ."

ಇನ್ನೊಂದು ತಿಂಗಳ ಮೇಲೆ ಕೇಳಿದೆ. ಅದೇ ಉತ್ತರ. ಆಮೇಲೆ ಕೇಳುವುದನ್ನು ನಿಧಾನ ಮಾಡಿದೆ. ಅವನು ಮೋಸ ಮಾಡುವ ಮನುಷ್ಯನಲ್ಲ. ಮನೆ ನಡೆಯುತ್ತಿತ್ತು, ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಷ್ಟಾದ ಮೇಲೆ ಯಾರಿಗೂ ಅವಸರ ಇರಲಿಲ್ಲ.

ರಂಜಾನ್ ಬಂತು. ಅವರೆಲ್ಲ ಉಪವಾಸ ಇರುವಾಗ ಹಗಲಲ್ಲಿ ನಾನು ಅಡಿಗೆಯ ರುಚಿ ನೋಡುವುದು ಸರಿಯಲ್ಲ ಎಂದು ನನಗೇ ಅನ್ನಿಸಿತು. ಊರಿನಲ್ಲಿ ನಾನು ನೋಡಿದ ಹೆಂಗಸರೆಲ್ಲ ಸೌಟಿನಿಂದ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿ ನೋಡುವವರು. ಇಲ್ಲಿ ಅದಿಲ್ಲ. ಉಮ್ಮಿ ಪಾತ್ರೆಯ ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, ಮಿಲ್ಹ್ ಎನ್ನುತ್ತಿದ್ದರು, ಇಲ್ಲವೆ ಬಸ್ ಎನ್ನುತ್ತಿದ್ದರು. ಉಪ್ಪಿನ ವಾಸನೆ ಅವರಿಗೆ ಹೇಗೆ ಬರುತ್ತಿತ್ತೋ ತಿಳಿಯದು. ಯಾವಾಗಲೂ ಸರಿಯಾಗುತ್ತಿತ್ತು ಎಂದೇನಲ್ಲ. ಒಂದು ಸಂಜೆ ಗೋಧಿ ಮತ್ತು ಮಾಂಸ ಬೇಯಿಸಿ ಕಡೆಯುವ ಹರೀಸ್ ಬಾಯಿಗಿಡಲಾಗದಷ್ಟು ಉಪ್ಪಾಯಿತು. ಇಡೀ ದಿನ ಹಸಿದವರು ಮಾತಾಡದೆ ತಿಂದು ನೀರು ಕುಡಿದರು. ಅಕ್ಕ ಹೇಳಿದ್ದು ಆಗ ಅರ್ಥವಾಯಿತು. ಉಮ್ಮಿ ಮಾತ್ರ ನನ್ನ ಕಡೆ ನೋಡಿ ತಮ್ಮ ಮೂಗನ್ನು ಮುಟ್ಟಿ ತೋರಿಸಿ, ಅದಕ್ಕೆ ವಯಸ್ಸಾಯಿತು ಎನ್ನುವಂತೆ ಕೈ ತಿರುವಿದರು.

ರಂಜಾನಿಗೆ ಮೊದಲೇ ಅಂಗಡಿಯ ನನ್ನ ಮೇಜಿಗೆ ಬೇರೊಬ್ಬ ಬಂದಿದ್ದ. ಮೈಸೂರು ಕಡೆಯ ಹುಡುಗ, ನನ್ನದೇ ಪ್ರಾಯ, ಅಂಗಡಿಗೆ ಹೊಸದಾಗಿ ಸಿಕ್ಕಿದ ವೀಸಾ, ಅದರಲ್ಲಿ ಅಕೌಂಟೆಂಟ್ ಎಂದೇ ಇತ್ತು. ಮಧ್ಯಾಹ್ನದ ಊಟ ಮನೆಯಿಂದ ಅಂಗಡಿಗೆ ಹೋಗಬೇಕು. ಡ್ರೈವರ್ ಇಲ್ಲದ ಒಂದು ದಿನ ನಾನೇ ಒಯ್ದೆ. ಅವನು ಸಸ್ಯಾಹಾರಿ. ಅವನಿಗೆಂದು ಬೇರೆ ಬೇಳೆ ಸಾರು ಮಾಡುತ್ತಿದ್ದೆ. ಮೇಜಿನ ಮೇಲಿನ ಪುಸ್ತಕ ಸರಿಸಿ ತಟ್ಟೆ ಇಟ್ಟುಕೊಂಡು ಉಂಡ. ನಾನು ಕನ್ನಡದವನೆಂದು ಗೊತ್ತಾಗಿ ಅವನಿಗೆ ಬಹಳ ಖುಷಿಯಾಯಿತು.

"ಅಡುಗೆ ತುಂಬ ಚೆನ್ನಾಗಿದೆ ಕಣ್ರೀ. ನಮ್ಮಮ್ಮನ ಸಾರಿನ ಥರಾನೇ ಇದೆ. ಊರಲ್ಲಿ ಯಾವ ಹೋಟ್ಲಲ್ಲಿದ್ರಿ?"

"ಹೋಟ್ಲಲ್ಲಿ ಇರ್ಲಿಲ್ಲ."

"ಹಂಗಾದ್ರೆ ಮದುವೆ ಅಡುಗೆ ಕಾಂಟ್ರ್ಯಾಕ್ಟಾ?"

"ನಾನು ಬಿ.ಕಾಂ. ಮಾಡಿದ್ದು. ನೀವು ಕೂತಿದ್ದೀರಲ್ಲ, ಆ ಕುರ್ಚಿಯಲ್ಲಿ ನಾನಿದ್ದೆ" ಎಂದೆ. ಕೋಪದಿಂದ ಹೇಳಿದ್ದಲ್ಲ. ಕೋಪ ಮಾಡಿಕೊಳ್ಳುವಷ್ಟು ತ್ರಾಣ ಇರಲಿಲ್ಲ.

ಅವನ ಕೈ ತುತ್ತಿನ ಜೊತೆ ತಟ್ಟೆಯಲ್ಲೇ ನಿಂತಿತು. "ಸಾರಿ" ಎಂದ. ಆಮೇಲೆ, "ನೀವು ಊಟ ಮಾಡಿದ್ರಾ?" ಎಂದು ಕೇಳಿದ. ಮಾಡಿರಲಿಲ್ಲ. ಅಡಿಗೆಗೆ ನಿಂತ ಮೇಲೆ ನನ್ನನ್ನು ಹಾಗೆ ಕೇಳಿದವನು ಅವನೇ ಮೊದಲು. ತಟ್ಟೆ ತೊಳೆದು ಅದರಲ್ಲೇ ನನಗೂ ಬಡಿಸಿದ. ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಉಂಡೆ. ಅಲ್ಲಿಂದ ನಾವು ಸ್ನೇಹಿತರಾದೆವು. ಶುಕ್ರವಾರ ಅವನೂ ನನ್ನ ಜೊತೆ ದಾರ್ಸೈಟಿಗೆ ಬರತೊಡಗಿದ. ನಾನು ಅಡಿಗೆ ಎನ್ನುವುದು, ಅವನು ಅಡುಗೆ ಎನ್ನುವುದು. ಅದನ್ನು ಹಿಡಿದು ಅಕ್ಕ ಇಬ್ಬರನ್ನೂ ತಮಾಷೆ ಮಾಡುತ್ತಿದ್ದಳು.

ಮಸ್ಕತ್ತಿನ ಅಲ್ ಖುವೈರಿನ ಒಂದು ಕಂಪೆನಿಯಲ್ಲಿ ಕ್ಲಾರ್ಕ್ ಕೆಲಸ ಇದೆಯೆಂದು ಸುದ್ದಿ ತಂದವನೂ ಅವನೇ. ನನ್ನನ್ನು ಕರೆದುಕೊಂಡು ಹೋಗಿ ಅಲ್ಲಿನ ಮ್ಯಾನೇಜರಿಗೆ ತೋರಿಸಿದ. ಕೆಲಸ ಕೊಡುತ್ತೇವೆ, ನಿಮ್ಮ ಕಫೀಲ ಅಭ್ಯಂತರ ಇಲ್ಲವೆಂದು ಬರೆದುಕೊಡಬೇಕು ಎಂದರು. ಇಲ್ಲದಿದ್ದರೆ ಊರಿಗೆ ಹೋದವನು ಬೇರೆ ವೀಸಾದಲ್ಲಿ ಬೇಗ ತಿರುಗಿ ಬರುವ ಹಾಗಿರಲಿಲ್ಲ.

ಕಫೀಲನನ್ನು ಕೇಳಿದೆ. ಅವನು ಗಡ್ಡ ನೀವಿಕೊಂಡು, "ಈದ್ ಕಳೆಯಲಿ" ಎಂದ. ಈದ್ ಕಳೆಯಿತು. ಆ ಹಬ್ಬಕ್ಕೆ ಮಾಂಸಕ್ಕೆ ಮಸಾಲೆ ಹಚ್ಚಿ, ಎಲೆಯಲ್ಲಿ ಸುತ್ತಿ, ನೆಲದ ಗುಂಡಿಯ ಕೆಂಡದಲ್ಲಿ ಹೂತು ಬೇಯಿಸುವ ಪದ್ಧತಿ. ಗಂಡಸರೆಲ್ಲ ಸೇರಿ ಅದನ್ನು ಮಾಡುತ್ತಾರೆ, ನಗುತ್ತಾರೆ, ಹಾಡುತ್ತಾರೆ. ವರ್ಷಕ್ಕೊಮ್ಮೆ ಮಾಡಿದರೆ ಅಡಿಗೆಯೂ ಹಬ್ಬವೇ. ಮಸಾಲೆ ಅರೆದವನು, ಆಮೇಲೆ ತಟ್ಟೆ ತೊಳೆದವನು ನಾನು.

ಹಬ್ಬದ ನಂತರ ಉಮ್ಮಿ ಚಾಪೆಗೆ ಬರುವುದು ಕಡಿಮೆಯಾಯಿತು. ಬಂದರೂ ಗೋಡೆಗೆ ಒರಗಿ ಕಣ್ಣು ಮುಚ್ಚಿರುತ್ತಿದ್ದರು. ಗಟ್ಟಿ ಯಾವುದೂ ಇಳಿಯುತ್ತಿರಲಿಲ್ಲ. ಅವರಿಗೆಂದು ಬೇರೆಯಾಗಿ ಗೋಧಿಯನ್ನು ನುಣ್ಣಗಾಗುವವರೆಗೆ ಮರದ ಸಟ್ಟುಗದಿಂದ ಕಡೆದು ಕೊಡುತ್ತಿದ್ದೆ. ರಟ್ಟೆ ಬಿದ್ದುಹೋಗುವಂಥ ಕೆಲಸ. ಎರಡು ತುತ್ತು ತಿಂದು ಕೈ ಅಡ್ಡ ಹಿಡಿಯುತ್ತಿದ್ದರು. ಅಷ್ಟು ಕಡೆದದ್ದು ಎರಡು ತುತ್ತಿಗೆ ಎಂದು ಮನಸ್ಸಿನಲ್ಲೇ ಬೇಸರಪಟ್ಟುಕೊಂಡದ್ದೂ ಉಂಟು. ಆದರೂ ಮರುದಿನ ಮತ್ತೆ ಕಡೆಯುತ್ತಿದ್ದೆ. ಅವರ ಪಾಲಿನದ್ದನ್ನು ಬೇರೆ ಯಾರಿಗೂ ಮಾಡಲು ಬಿಡುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ನಾನು ಅಕ್ಕಿ ತೊಳೆಯುತ್ತಿರುವಾಗ ಒಳಗಿನಿಂದ ಹೆಂಗಸರ ಅಳು ಕೇಳಿಸಿತು. ಕೈಯಲ್ಲಿ ಅಕ್ಕಿಯ ನೀರು ಸೋರುತ್ತಿರುವಂತೆಯೇ ಅಂಗಳಕ್ಕೆ ಬಂದೆ. ಕಫೀಲ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು, ಅಳುತ್ತಿರಲಿಲ್ಲ. ನನ್ನ ಕೈ ನೋಡಿದ.

"ಒಲೆ ಹಚ್ಚಬೇಡ. ಮೂರು ದಿನ ಈ ಮನೆಯಲ್ಲಿ ಅಡಿಗೆ ಇಲ್ಲ. ನೆರೆಯವರು ತರುತ್ತಾರೆ" ಎಂದ.

ನಮ್ಮ ಕಡೆಯೂ ಹಾಗೆಯೇ. ಸಾವಿನ ಮನೆಯಲ್ಲಿ ಒಲೆ ಉರಿಸುವುದಿಲ್ಲ, ಪಕ್ಕದ ಮನೆಯವರು ಗಂಜಿ ತಂದುಕೊಡುತ್ತಾರೆ. ಅದನ್ನು ಅವನಿಗೆ ಹೇಳಬೇಕೆಂದುಕೊಂಡೆ. ಹಿಂದಿ ಬಾಯಿಗೆ ಬರಲಿಲ್ಲ. ನೆನೆದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವಿ ಒಣಗಲು ಬಿಟ್ಟೆ.

ಉಮ್ಮಿಯ ಮಣ್ಣು ಅಂದೇ ಆಯಿತು. ಗಂಡಸರ ಜೊತೆ ದೂರದಲ್ಲಿ ನಡೆದುಹೋಗಿ, ಬೇಲಿಯ ಹೊರಗೆ ನಿಂತು ಬಂದೆ. ಅಂಗಳ ತುಂಬ ಜನ. ಒಂದಾದ ಮೇಲೊಂದು ದೊಡ್ಡ ಹರಿವಾಣಗಳಲ್ಲಿ ಅನ್ನ, ಮಾಂಸ ಬರುತ್ತಲೇ ಇತ್ತು. ನನಗೆ ಮಾಡಲು ಏನೂ ಇರಲಿಲ್ಲ. ಎಷ್ಟೋ ಕಾಲದಿಂದ ಒಂದು ದಿನ, ಒಂದೇ ಒಂದು ದಿನ ಒಲೆ ಹಚ್ಚದೆ ಇರಬೇಕು ಎಂದು ಆಸೆಪಟ್ಟವನು ನಾನು. ತಣ್ಣಗಿದ್ದ ಒಲೆಯ ಪಕ್ಕ ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದೆ. ಮಧ್ಯಾಹ್ನ ಕಫೀಲನ ಹೆಂಡತಿ ಒಂದು ತಟ್ಟೆ ಅನ್ನ ಕಳಿಸಿಕೊಟ್ಟಳು. ಆ ಮನೆಯಲ್ಲಿ ನನ್ನ ಕೈಯದಲ್ಲದ ಊಟ ನಾನು ಉಂಡದ್ದು ಅದೇ ಮೊದಲು. ಎರಡು ತುತ್ತು ತಿಂದು ನಿಲ್ಲಿಸಿದೆ. ಉಳಿದದ್ದಕ್ಕೆ ಮುಚ್ಚಳ ಹಾಕಿಟ್ಟೆ.

ನಾಲ್ಕನೆಯ ದಿನ ಒಲೆ ಹಚ್ಚಿದೆ. ಕೆಲವು ವಾರ ಕಳೆದ ಮೇಲೆ ಕಫೀಲ ತಾನಾಗಿ ಅಡಿಗೆಮನೆಯ ಬಾಗಿಲಿಗೆ ಬಂದ.

"ಅಲ್ ಖುವೈರಿನ ಕೆಲಸ ಇನ್ನೂ ಇದೆಯಾ?"

"ಕೇಳಬೇಕು ಬಾಬಾ."

"ಕೇಳು. ಕಾಗದ ಕೊಡುತ್ತೇನೆ. ನನ್ನ ತಾಯಿ ಹೇಳುತ್ತಿದ್ದರು, ಈ ಹುಡುಗನನ್ನು ಕಳಿಸಬೇಡ, ಇನ್ನೊಬ್ಬನಿಗೆ ಮೊದಲಿನಿಂದ ಹೇಳಿಕೊಡಲು ನನಗೆ ಶಕ್ತಿ ಇಲ್ಲ ಅಂತ. ಅದಕ್ಕೇ ಇಟ್ಟುಕೊಂಡಿದ್ದೆ. ಈಗ ಖಲಾಸ್." ಅವನು ತಿರುಗಿ ಅಂಗಳ ದಾಟಿ ಹೋದ.

ಕೆಲಸ ಇತ್ತು. ಊರಿಗೆ ಹೋಗಿ, ಹೊಸ ವೀಸಾದಲ್ಲಿ ತಿರುಗಿ ಬಂದೆ. ಅಲ್ ಖುವೈರಿನ ಆಫೀಸಿನಲ್ಲಿ ಏ.ಸಿ., ಫೈಲು, ಟೆಲೆಕ್ಸ್. ಸುತ್ತ ಹೋಟೆಲುಗಳಿದ್ದವು. ಸಿಕ್ಕಿದ್ದು ತಿಂದು ಮಲಗುತ್ತಿದ್ದೆ. ಕೋಣೆಯಲ್ಲಿ ಚಹಾ ಕೂಡ ಮಾಡುತ್ತಿರಲಿಲ್ಲ.

ತೊಂಬತ್ತರ ಮೊದಲ ವರ್ಷಗಳಲ್ಲಿ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಬಂದೆ. ದಾರ್ಸೈಟಿನಲ್ಲೇ, ಅಕ್ಕನ ಮನೆಯ ಹಿಂದಿನ ಕಟ್ಟಡದಲ್ಲಿ ಫ್ಲಾಟು. ಬಂದ ವಾರದಲ್ಲೇ ಅವಳು, "ನಿಮಗೆ ಒಳ್ಳೆ ಅಡಿಗೆ ಬರ್ತದಂತಲ್ಲ, ಅಕ್ಕ ಹೇಳಿದ್ರು" ಎಂದು ಆಸೆಯಿಂದ ಕೇಳಿದಳು.

"ಬರ್ತಿತ್ತು" ಎಂದೆ.

ನಾನು ಅಡಿಗೆಮನೆಯೊಳಗೆ ಕಾಲಿಡದಿದ್ದದ್ದು ಗಂಡಸಿನ ಠೇಂಕಾರ ಎಂದು ಅವಳು ಬಹಳ ಕಾಲ ತಿಳಿದಿದ್ದಳು. ಈರುಳ್ಳಿ ಹುರಿಯುವ ವಾಸನೆ ಬಂದರೆ ಭುಜ ತಾನಾಗಿ ನೋಯುತ್ತಿತ್ತು ಎಂದು ಹೇಗೆ ಹೇಳುವುದು? ನಾನು ಮಾಡಿದ ಉಪಕಾರ ಒಂದೇ. ಅವಳು ದಿನಾ ಸಂಜೆ, "ನಾಳೆಗೆ ಎಂತ ಅಡಿಗೆ ಮಾಡುದು?" ಎಂದು ಕೇಳುವಾಗ ಏನಾದರೂ ಮಾಡು ಎಂದು ನಾನು ಒಂದು ದಿನವೂ ಹೇಳಲಿಲ್ಲ. ಆ ಉತ್ತರದಿಂದ ಎಂಥ ದಣಿವು ಬರುತ್ತದೆ ಎಂದು ನನಗೆ ಗೊತ್ತಿತ್ತು. ತೊಂಡೆಕಾಯಿ ಪಲ್ಯ, ಹುರುಳಿ ಸಾರು ಎಂದು ಸರಿಯಾಗಿ ಹೆಸರು ಹಿಡಿದು ಹೇಳುತ್ತಿದ್ದೆ. ಅವಳು ಅದನ್ನು ನನ್ನ ನಾಲಗೆಯ ಚಪಲ ಎಂದು ಊರಿನಲ್ಲೆಲ್ಲ ಹೇಳಿ ನಗುತ್ತಿದ್ದಳು.

ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಅವಳಿಗೆ ಜ್ವರ ಬಂದು ಹಾಸಿಗೆ ಹಿಡಿದಳು. ಅಕ್ಕ, ಭಾವ ಆಗಲೇ ಗಂಟುಮೂಟೆ ಕಟ್ಟಿ ಊರಿಗೆ ಹೋಗಿದ್ದರು. ಎರಡು ದಿನ ಹೋಟೆಲಿನಿಂದ ತಂದೆ. ಮೂರನೆಯ ದಿನ ಶುಕ್ರವಾರ. ಅವಳು ಪೊಟ್ಟಣ ನೋಡಿಯೇ ಮುಖ ತಿರುಗಿಸಿದಳು. ನಾನು ಲುಂಗಿ ಎತ್ತಿ ಕಟ್ಟಿ ಒಳಗೆ ಹೋದೆ. ಡಬ್ಬಗಳು ಎಲ್ಲಿವೆ ಎಂದೇ ಗೊತ್ತಿರಲಿಲ್ಲ, ಒಂದೊಂದನ್ನೇ ತೆರೆದು ನೋಡಿದೆ. ಈರುಳ್ಳಿ ತೆಗೆದುಕೊಂಡೆ. ಕೈ ನನ್ನನ್ನು ಕೇಳದೆ ತಾನಾಗಿ ಹೆಚ್ಚತೊಡಗಿತು.

ದೊಡ್ಡವಳು ಬಾಗಿಲಲ್ಲಿ ಬಂದು ನಿಂತು ಕಣ್ಣರಳಿಸಿದಳು. "ಮಮ್ಮಿ! ಡ್ಯಾಡಿ ಈಸ್ ಕುಕಿಂಗ್!" ಎಂದು ಕೂಗಿಕೊಂಡು ಓಡಿದಳು. ಅವಳ ಬಾಯಲ್ಲಿ ಅದು ಆಟದ ಶಬ್ದದ ಹಾಗಿತ್ತು. ಸಣ್ಣವನೂ ಓಡಿಬಂದ. ಇಬ್ಬರೂ ನೋಡುತ್ತ ನಿಂತರು.

ಹೆಂಡತಿಗೆ ಗಂಜಿ, ಮಕ್ಕಳಿಗೆ ಅನ್ನ, ಬೇಳೆ ಸಾರು. ಅವಳು ದಿಂಬಿಗೆ ಒರಗಿ ಕೂತು ಬಟ್ಟಲು ಖಾಲಿ ಮಾಡಿದಳು. "ಇನ್ನು ಸ್ವಲ್ಪ ಉಂಟಾ?" ಎಂದಳು. ಬಡಿಸಿದೆ. ಉಣ್ಣುತ್ತ ಒಮ್ಮೆ ತಲೆಯೆತ್ತಿ, "ಇಷ್ಟು ಬರುವವರು ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ?" ಎಂದು ಕೇಳಿದಳು. ಜಗಳದ ದನಿಯಲ್ಲ.

"ಸುಸ್ತಾಗಿತ್ತು" ಎಂದೆ.

"ನನಗೂ" ಎಂದಳು ಅವಳು. ಮತ್ತೆ ಗಂಜಿ ಉಂಡಳು.

ಅಂದಿನಿಂದ ಶುಕ್ರವಾರಗಳನ್ನು ನಾನು ತೆಗೆದುಕೊಂಡೆ. ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾರಾದರೂ ಮಾಡಬೇಕಿತ್ತು, ಆರು ದಿನ ಅವಳೇ ಮಾಡುತ್ತಿದ್ದಳು. ಆ ಮೊದಲ ದಿನ ಪಾತ್ರೆ ತೊಳೆದು, ಒಲೆ ಒರೆಸಿ, ಬಟ್ಟೆ ಹಿಂಡಿ ಕಿಟಕಿಗೆ ಹಾಕುತ್ತಿರುವಾಗ ಸಣ್ಣವನು ಬಂದು ನನ್ನ ಲುಂಗಿ ಎಳೆದು, "ಡ್ಯಾಡೀ, ವಾಟ್ಸ್ ಫಾರ್ ಡಿನ್ನರ್?" ಎಂದು ಕೇಳಿದ. ನಾನು ಅಲ್ಲೇ ಅಡಿಗೆಮನೆಯ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತೆ. ಅವನೂ ಪಕ್ಕದಲ್ಲಿ ಕೂತು ಉತ್ತರಕ್ಕೆ ಕಾದ. ಒಳಗೆ ಹೆಂಡತಿ ಆಗಲೇ ನಿದ್ದೆ ಹೋಗಿದ್ದಳು.